ಬಿಟ್ಟ ಉಸಿರು ಯಾರದು?



ಹರಿದಾಸರ ನಾಡಾದ ರಾಯಚೂರು ಜಿಲ್ಲೆಯಲ್ಲಿ ನಿಂತು ಇಂಗ್ಲಿಷ್ ಪದವೊಂದರ ಚರಿತ್ರೆ ಹೇಳಹೊರಟಿದ್ದೇನೆ. ಪದ ‘ಎಕ್ಸ್‌ಹೇಲ್’. ಉಸಿರು ಹೊರಗೆ ಬಿಡುವುದು ಎಂದು ಎಲ್ಲರಿಗೂ ಗೊತ್ತು. ಯೋಗ ಶಿಬಿರಗಳ ದೆಸೆಯಿಂದ ಈ ಪದ ಈಗ ನಮ್ಮ ಊರಿನ ಉದ್ಯಾನಗಳಲ್ಲೂ ಬೆಳಗಿನ ಹೊತ್ತು ಕಿವಿಗೆ ಬೀಳುತ್ತದೆ. ಅಲ್ಲಿ ಅದಕ್ಕೆ ಒಂದೇ ಅರ್ಥ, ಒಂದೇ ದಿಕ್ಕು: ಎದೆಯಿಂದ ಮೂಗಿಗೆ, ಮೂಗಿನಿಂದ ಗಾಳಿಗೆ. ಆದರೆ ಇಂಗ್ಲಿಷಿಗೆ ಕಾಲಿಟ್ಟಾಗ ಈ ಪದ ಮನುಷ್ಯನ ಮೂಗಿಗಿಂತ ಹೆಚ್ಚಾಗಿ ನೆಲದ, ನೀರಿನ, ಸೂರ್ಯನ ಮಾತಾಗಿತ್ತು.

ಮೂಲ ಲ್ಯಾಟಿನ್. ‘ಹಾಲಾರೆ’ ಎಂದರೆ ಉಸಿರಾಡು, ‘ಎಕ್ಸ್’ ಎಂದರೆ ಹೊರಗೆ. ಹದಿನೈದನೆಯ ಶತಮಾನದ ಹೊತ್ತಿಗೆ ಇಂಗ್ಲಿಷಿನಲ್ಲಿ ಅದರ ಕೆಲಸ ಆವಿ, ಹೊಗೆ, ವಾಸನೆ ಏಳುವುದನ್ನು ಹೇಳುವುದು. ಇದರ ಹಿಂದೆ ಅರಿಸ್ಟಾಟಲ್ ಕೂತಿದ್ದಾನೆ. ಬಿಸಿಲಿಗೆ ಕಾದ ಭೂಮಿ ಎರಡು ಬಗೆಯ ಉಸಿರನ್ನು ಬಿಡುತ್ತದೆ ಎಂದು ತನ್ನ ‘ಮೀಟಿಯೊರಾಲಜಿಕಾ’ ಗ್ರಂಥದಲ್ಲಿ ಅವನು ಬರೆದ. ಒಂದು ತೇವದ್ದು, ಅದು ಮಳೆ, ಮಂಜು, ಇಬ್ಬನಿ. ಇನ್ನೊಂದು ಒಣ, ಹೊಗೆಯಂಥದ್ದು. ಗಾಳಿ, ಗುಡುಗು, ಧೂಮಕೇತು ಎಲ್ಲ ಅದರಿಂದ. ಒಣ ಉಸಿರು ನೆಲದೊಳಗೇ ಸಿಕ್ಕಿಕೊಂಡರೆ ಭೂಕಂಪ. ತೇವದ ಉಸಿರು ಕಲ್ಲಿನ ನಡುವೆ ಸಿಕ್ಕಿ ಗಟ್ಟಿಯಾದರೆ ತಾಮ್ರ, ಕಬ್ಬಿಣ, ಚಿನ್ನ. ಯೂರೋಪಿನ ಓದಿದವರು ಸುಮಾರು ಎರಡು ಸಾವಿರ ವರ್ಷ ಇದನ್ನು ನಂಬಿದರು.

ನಗುವ ಮೊದಲು ನಮ್ಮ ದೇವದುರ್ಗ ತಾಲೂಕಿನ ಊಟಿ ಚಿನ್ನದ ಗಣಿಯನ್ನೊಮ್ಮೆ ನೆನೆಯಿರಿ. ಹಟ್ಟಿಯಂತೆ ಅಲ್ಲಿಯೂ ಚಿನ್ನ ಸಿಗುವುದು ಬಹು ಹಳೆಯ ಶಿಲೆಯ ಪಟ್ಟಿಯಲ್ಲಿ. ಭೂಮಿಯ ಆಳದಿಂದ ಬಿಸಿ ದ್ರವ ಬಿರುಕುಗಳಗುಂಟ ಮೇಲೇರಿ ಬಂದು, ತಣಿಯುತ್ತ ಚಿನ್ನವನ್ನು ಉಳಿಸಿ ಹೋಯಿತು ಎಂದು ಇಂದಿನ ಭೂವಿಜ್ಞಾನ ಹೇಳುತ್ತದೆ. ಅರಿಸ್ಟಾಟಲ್ ಹೇಳಿದ್ದು ತಪ್ಪೇ, ಆದರೂ ತೀರ ದೂರದ ತಪ್ಪಲ್ಲ. ಸಮುದ್ರದ ತಳದಲ್ಲಿ ಬಿಸಿ ದ್ರವ ಚಿಮ್ಮಿ ಉಂಟಾದ ಅದಿರಿನ ಒಂದು ಬಗೆಗೆ ಭೂವಿಜ್ಞಾನಿಗಳು ಇಂದಿಗೂ ‘ಎಕ್ಸಲೇಟಿವ್’ ಎಂದೇ ಅನ್ನುತ್ತಾರೆ. ಯೋಗಶಿಬಿರ ಮರೆತ ಅರ್ಥವನ್ನು ಗಣಿಯವರು ಕಾಪಾಡಿಕೊಂಡಿದ್ದಾರೆ!

ಇಲ್ಲಿ ಒಂದು ಕೊಕ್ಕೆ ಇದೆ, ನನ್ನ ಇಡೀ ಮಾತು ನೇತಾಡುವುದು ಅದರ ಮೇಲೆಯೇ. ಕೆರೆಯ ನೀರು ಆವಿಯಾಯಿತು. ಉಸಿರು ಬಿಟ್ಟವರು ಯಾರು? ಕೆರೆಯೋ, ಸೂರ್ಯನೋ? ಹಳೆಯ ಇಂಗ್ಲಿಷಿನಲ್ಲಿ ಎರಡನ್ನೂ ಹೇಳಬಹುದಿತ್ತು. ಭೂಮಿ ಆವಿಯನ್ನು ‘ಎಕ್ಸ್‌ಹೇಲ್’ ಮಾಡುತ್ತದೆ ಅಂದರೆ ಹೊರಬಿಡುತ್ತದೆ. ಸೂರ್ಯ ಆವಿಯನ್ನು ‘ಎಕ್ಸ್‌ಹೇಲ್’ ಮಾಡುತ್ತಾನೆ ಅಂದರೆ ಮೇಲಕ್ಕೆ ಸೆಳೆದುಕೊಳ್ಳುತ್ತಾನೆ. ಬಿಡುವುದೂ ಸೆಳೆಯುವುದೂ ಒಂದೇ ಕ್ರಿಯಾಪದ. ಷೇಕ್ಸ್‌ಪಿಯರ್ ಇದನ್ನು ಇನ್ನೂ ಮುಂದಕ್ಕೊಯ್ದ. ಮೂರನೆಯ ರಿಚರ್ಡನ ನಾಟಕದಲ್ಲಿ ಕೊಲೆಗಾರ ಹತ್ತಿರ ಬಂದೊಡನೆ ಅರಸನ ಹೆಣದ ಗಾಯಗಳು ಮತ್ತೆ ಒಸರುತ್ತವೆ. ಬತ್ತಿದ ನಾಳಗಳಿಂದ ನೆತ್ತರನ್ನು ಹೊರಸೆಳೆಯುತ್ತಿರುವುದು ನೀನು ಇಲ್ಲಿರುವುದೇ ಎಂದು ಆ ಅರಸನ ಸೊಸೆ ಆ್ಯನ್ ದೂರುವಾಗ ಬಳಸುವ ಪದ ಇದೇ. ಐದನೆಯ ಹೆನ್ರಿಯ ನಾಟಕದಲ್ಲಿ ಪಿಸ್ಟಲ್ ಎಂಬ ಬಡಾಯಿಕೋರ ಎದುರಾಳಿಗೆ ‘ಎಕ್ಸ್‌ಹೇಲ್’ ಎಂದು ಕೂಗುತ್ತಾನೆ. ಉಸಿರು ಬಿಡು ಅಂತಲ್ಲ, ಕತ್ತಿ ಹಿರಿ ಅಂತ! ಎಳೆ ಎಂಬ ಅರ್ಥದ ‘ಹೇಲ್’ ಎಂಬ ಬೇರೊಂದು ಪದ ಅಲ್ಲಿ ನುಸುಳಿದೆ. ಪಿಸ್ಟಲ್‌ನಂಥವರ ಬಾಯಲ್ಲಿ ಪದಗಳು ಹೀಗೆ ಕಲಸಿಹೋಗುವುದು ಯಾವ ಭಾಷೆಗೂ ಹೊಸದಲ್ಲ.

ಇದರ ದಾಯಾದಿ ಪದ ‘ಎಕ್ಸ್‌ಪೈರ್’. ಅದೂ ಲ್ಯಾಟಿನ್ನಿನಲ್ಲಿ ಉಸಿರು ಹೊರಬಿಡುವುದೇ. ನಮ್ಮಲ್ಲಿ ಅದು ಇಂಗ್ಲಿಷ್ ಅನ್ನಿಸುವುದೂ ಇಲ್ಲ. ಔಷಧದ ಪಟ್ಟಿ ತಿರುವಿ ‘ಎಕ್ಸ್‌ಪೈರಿ ಆಗ್ಯಾದ’ ಅನ್ನುತ್ತೇವೆ. ಅದೇ ಆಸ್ಪತ್ರೆಯ ಬಾಗಿಲಲ್ಲಿ ‘ಪೇಶಂಟ್ ಎಕ್ಸ್‌ಪೈರ್ ಆದ್ರು’ ಅನ್ನುತ್ತೇವೆ. ಮಾತ್ರೆಗೂ ಮನುಷ್ಯನಿಗೂ ಒಂದೇ ಪದ. ಆದರೆ ಮರುದಿನದ ಕನ್ನಡ ಪತ್ರಿಕೆ ಏನು ಬರೆಯುತ್ತದೆ? ‘ಕೊನೆಯುಸಿರೆಳೆದರು’. ಲ್ಯಾಟಿನ್ ಮನುಷ್ಯ ಉಸಿರು ಬಿಟ್ಟು ಸಾಯುತ್ತಾನೆ, ಕನ್ನಡ ಪತ್ರಿಕೆಯ ಮನುಷ್ಯ ಉಸಿರು ಎಳೆದು ಸಾಯುತ್ತಾನೆ. ಊರಿನ ಕಟ್ಟೆಯ ಮೇಲೆ ಕೂತವರು ಮಾತ್ರ ಪತ್ರಿಕೆಯ ಮಾತು ಕೇಳುವುದಿಲ್ಲ. ‘ಜೀವ ಬಿಟ್ಟ’, ‘ಪ್ರಾಣ ಹೋತು’ ಅನ್ನುತ್ತಾರೆ. ಒಂದರಲ್ಲಿ ಬಿಟ್ಟವನು ಆತ. ಇನ್ನೊಂದರಲ್ಲಿ ಪ್ರಾಣವೇ ಎದ್ದು ನಡೆದಿದೆ, ಆತನನ್ನು ಯಾರೂ ಕೇಳಿಲ್ಲ.

ದಿಕ್ಕಿನ ಈ ಗೊಂದಲ ಸಂಸ್ಕೃತದಲ್ಲಿ ಇನ್ನೂ ಹಳೆಯದು. ಶಾಲೆಯ ಪಾಠದಲ್ಲಿ ಉಚ್ಛ್ವಾಸ ಒಳಗೆ, ನಿಶ್ವಾಸ ಹೊರಗೆ ಎಂದು ಉರು ಹೊಡೆದಿದ್ದೇವೆ. ಸಂಸ್ಕೃತ ನಿಘಂಟು ತೆರೆದರೆ ಉಚ್ಛ್ವಾಸಕ್ಕೆ ಹೊರಬಿಡುವುದು, ಆಳವಾಗಿ ಒಳಗೆಳೆಯುವುದು, ನಿಟ್ಟುಸಿರು, ಎಲ್ಲ ಅರ್ಥಗಳೂ ಇವೆ. ಪ್ರಾಣ, ಅಪಾನಗಳ ವಿಷಯದಲ್ಲಂತೂ ವಿದ್ವಾಂಸರು ಬಹುಕಾಲ ಜಗಳಾಡಿದ್ದಾರೆ. ಛಾಂದೋಗ್ಯ ಉಪನಿಷತ್ತಿನ ಭಾಷ್ಯದಲ್ಲಿ ಶಂಕರರು ಬಾಯಿಮೂಗುಗಳಿಂದ ಗಾಳಿಯನ್ನು ಹೊರಹಾಕುವುದೇ ಪ್ರಾಣ ಎನ್ನುತ್ತಾರೆ, ಒಳಗೆಳೆಯುವುದು ಅಪಾನ. ಅದೇ ಉಪನಿಷತ್ತು ಎರಡರ ಸಂಧಿಗೆ ವ್ಯಾನ ಎಂದು ಹೆಸರಿಟ್ಟು, ವ್ಯಾನವೇ ಮಾತು ಎನ್ನುತ್ತದೆ. ಎಳೆಯದೆ, ಬಿಡದೆ ಇರುವ ಗಳಿಗೆಯಲ್ಲಿ ಮಾತು ಹುಟ್ಟುತ್ತದಂತೆ.

ಕನ್ನಡ ಇದನ್ನು ಒಪ್ಪುವುದಿಲ್ಲ. ಕನ್ನಡಕ್ಕೆ ಮಾತು ಅಂದರೆ ಹೊರಬಂದ ಉಸಿರೇ. ಹಳಗನ್ನಡದಲ್ಲಿ ‘ಉಸಿರ್’ ನಾಮಪದವೂ ಹೌದು, ಕ್ರಿಯಾಪದವೂ ಹೌದು. ಕ್ರಿಯಾಪದವಾದಾಗ ಅದಕ್ಕೆ ಉಸಿರಾಡು ಎಂದೂ ಹೇಳು ಎಂದೂ ಅರ್ಥ. ಕಿಟೆಲ್ 1894ರ ನಿಘಂಟಿನಲ್ಲಿ ಎರಡನ್ನೂ ಕೊಟ್ಟಿದ್ದಾನೆ. ಗದುಗಿನ ಭಾರತದಲ್ಲಿ ಯಾರಾದರೂ ‘ಉಸುರಿದ’ ಎಂದರೆ ಆತ ಮಾತಾಡಿದ ಎಂದೇ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಶಬ್ದ ಹುಟ್ಟುವ ಬಗೆ ಹೇಳುವಾಗ ಜೀವನ ಇಚ್ಛೆ, ಅನುಕೂಲವಾದ ಗಾಳಿ, ನಾಭಿಯ ಮೂಲ ಮೂರನ್ನೂ ಸೇರಿಸಿ, ಅದು ಕಹಳೆಯ ರೀತಿಯಲ್ಲಿ ಹೊರಡುತ್ತದೆ ಎನ್ನುತ್ತಾನೆ, ಆ ಶಬ್ದದ್ರವ್ಯದ ಬಣ್ಣ ಬಿಳಿ ಎಂದೂ ಸೇರಿಸುತ್ತಾನೆ. ಬಿಳಿ ಎಂದು ಅವನಿಗೆ ಹೇಗೆ ಕಂಡಿತೋ, ವ್ಯಾಕರಣಕಾರರ ಕಣ್ಣು ನಮಗಿಲ್ಲ. ನನ್ನ ಲಕ್ಷ್ಯವಿರುವುದು ಆ ಇಚ್ಛೆಯ ಮೇಲೆ. ಬರಿಯ ಗಾಳಿ ಸಾಲದು, ಬಿಡುವವನೊಬ್ಬ ಬೇಕು ಎಂದು ಕೇಶಿರಾಜ ಪಟ್ಟುಹಿಡಿಯುತ್ತಾನೆ.

ಪುಸ್ತಕದ ಕನ್ನಡ ‘ಉಸುರು’ವುದನ್ನು ಹೆಚ್ಚುಕಡಿಮೆ ಪಿಸುಮಾತಿಗೆ ಇಳಿಸಿಬಿಟ್ಟಿದೆ. ನಮ್ಮ ಆಡುಮಾತು ಹಾಗಲ್ಲ. ‘ಸಭಾದಾಗ ಒಬ್ಬನೂ ಉಸಿರೆತ್ತಲಿಲ್ಲ’ ಅಂದರೆ ಎಲ್ಲರೂ ಸತ್ತಿದ್ದರು ಅಂತಲ್ಲ, ಯಾರೂ ಎದುರಾಡಲಿಲ್ಲ ಅಂತ. ‘ಈ ಮಾತು ಹೊರಗ ಉಸಿರಬ್ಯಾಡ’ ಅಂದರೆ ಗುಟ್ಟು ಬಿಡಬೇಡ ಅಂತ. ಅಕ್ಕಪಕ್ಕದ ಭಾಷೆಗಳಲ್ಲಿ ಇದೇ ಪದ ಬೇರೆ ದಾರಿ ಹಿಡಿಯಿತು. ತಮಿಳಿನ ‘ಉಯಿರ್’ ಎಂದರೆ ಜೀವ. ಅವರ ವ್ಯಾಕರಣದಲ್ಲಿ ಸ್ವರಾಕ್ಷರಗಳು ಉಯಿರ್, ವ್ಯಂಜನಗಳು ಮೈ. ನದಿ ದಾಟಿದರೆ ಸಿಗುವ ತೆಲುಗಿನಲ್ಲಿ ‘ಉಸುರು’ ಜೀವವೂ ಹೌದು, ನೊಂದವರಿಂದ ತಗಲುವ ಶಾಪವೂ ಹೌದು. ಎರಡು ಭಾಷೆ ಬೆರೆತ ನಮ್ಮ ಸೀಮೆಯಲ್ಲಿ ‘ಬಡವರ ಉಸುರು ತಟ್ಟತದ’ ಎಂದು ಹಿರಿಯರು ಎಚ್ಚರಿಸುವಾಗ ಅದು ಕನ್ನಡವೋ ತೆಲುಗೋ ಎಂದು ಗೆರೆ ಕೊಯ್ಯುವುದು ನನಗಂತೂ ಬೇಡದ ಕೆಲಸ. ಬಿಟ್ಟವನು ಒಬ್ಬ, ತಟ್ಟುವುದು ಇನ್ನೊಬ್ಬನಿಗೆ. ಇಂಗ್ಲಿಷಿನ ‘ಎಕ್ಸ್‌ಹೇಲ್’ ತನ್ನ ಚರಿತ್ರೆಯುದ್ದಕ್ಕೂ ಎಷ್ಟೆಲ್ಲ ಅರ್ಥ ಹೊತ್ತರೂ ಈ ಅರ್ಥ ಹೊತ್ತಿಲ್ಲ. ಶಕ್ತಿನಗರದ 1,720 ಮೆಗಾವಾಟ್ ಸ್ಥಾವರದ ಚಿಮಣಿಗಳು ಬಿಡುವುದಕ್ಕೆ ಸರ್ಕಾರಿ ಕನ್ನಡದಲ್ಲಿ ‘ಹೊರಸೂಸುವಿಕೆ’ ಎಂಬ ಪದವಿದೆ. ತಟ್ಟುವುದು ಅದರಲ್ಲಿಲ್ಲ.

ಈಗ ಉಸಿರಿನ ಮಾತನ್ನೇ ಹಿಡಿದು ದಾಸರ ಮಾನ್ವಿಗೆ ಬರೋಣ. ಈ ತಾಲೂಕಿನ ತುಂಗಭದ್ರಾ ದಂಡೆಯ ಚೀಕಲಪರ್ವಿಯಲ್ಲಿ ವಿಜಯದಾಸರು ಹುಟ್ಟಿದ್ದು 1682ರಲ್ಲಿ. ಅವರ ಶಿಷ್ಯ ಗೋಪಾಲದಾಸರು ದೇವದುರ್ಗದ ಕಡೆಯ ಮೊಸರಕಲ್ಲಿನವರು. ಬ್ಯಾಗವಾಟದಲ್ಲಿ 1728ರಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದ ಶ್ರೀನಿವಾಸಾಚಾರ್ಯರು ಮುಂದೆ ಜಗನ್ನಾಥದಾಸರಾದರು. ಅವರ ಹರಿಕಥಾಮೃತಸಾರದಲ್ಲಿ ಉಸಿರಿಗೆಂದೇ ಒಂದು ಸಂಧಿಯಿದೆ, ಶ್ವಾಸ ಸಂಧಿ. ನನಗೆ ತಿಳಿದಂತೆ ಉಸಿರಿನ ಬಗ್ಗೆ ನಮ್ಮ ಜಿಲ್ಲೆಯಲ್ಲಿ ಹುಟ್ಟಿದ ಅತ್ಯಂತ ನಿಖರವಾದ ಬರವಣಿಗೆ ಅದು. ನಿಖರ ಎನ್ನುವುದು ಲೆಕ್ಕದ ಅರ್ಥದಲ್ಲೇ.

ದಾಸರ ಪ್ರಕಾರ ಎಲ್ಲ ಜೀವರ ಒಳಗಿದ್ದು ವಾಯುದೇವರು ಒಂದು ಘಳಿಗೆಗೆ 360 ಉಸಿರಿನ ಜಪ ನಡೆಸುತ್ತಾರೆ. ದಿನಕ್ಕೆ 60 ಘಳಿಗೆ, ಅಲ್ಲಿಗೆ 21,600. ಘಳಿಗೆಗೆ 24 ನಿಮಿಷವಾದ್ದರಿಂದ ನಿಮಿಷಕ್ಕೆ 15 ಉಸಿರಾಯಿತು. ಸುಮ್ಮನೆ ಕೂತ ಆರೋಗ್ಯವಂತ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ ಎಂದು ವೈದ್ಯರು ಹೇಳುತ್ತಾರೆ, ದಾಸರ ಲೆಕ್ಕ ನಡುವೆ ಕೂಡುತ್ತದೆ. ಈ ಸಂಖ್ಯೆ ಅವರು ಕಟ್ಟಿದ್ದಲ್ಲ. ಸೂರ್ಯಸಿದ್ಧಾಂತದಲ್ಲಿ ‘ಪ್ರಾಣ’ ಎಂಬುದು ಕಾಲದ ಅಳತೆ, ನಾಲ್ಕು ಸೆಕೆಂಡಿನಷ್ಟು. ಆರು ಪ್ರಾಣಕ್ಕೆ ಒಂದು ವಿಘಳಿಗೆ, 60 ವಿಘಳಿಗೆಗೆ ಒಂದು ಘಳಿಗೆ. ಇನ್ನೊಂದು ಸೊಗಸು ನೋಡಿ: ಒಂದು ವೃತ್ತದಲ್ಲಿ 360 ಅಂಶ, ಅಂಶಕ್ಕೆ 60 ಕಲೆ, ಒಟ್ಟು 21,600 ಕಲೆ. ಅಂದರೆ ನೀವೊಮ್ಮೆ ಉಸಿರಾಡುವಷ್ಟರಲ್ಲಿ ನೆತ್ತಿಯ ಮೇಲಿನ ನಕ್ಷತ್ರಚಕ್ರ ಒಂದು ಕಲೆಯಷ್ಟು ಸರಿದಿರುತ್ತದೆ. ಆರ್ಯಭಟ ಇದನ್ನು ಸ್ಪಷ್ಟವಾಗಿ ಹೇಳಿದ್ದಾನೆ. ಪಂಚಾಂಗದವರ ಈ ಗಣಿತವನ್ನು ಭಾಮಿನಿ ಷಟ್ಪದಿಗೆ ಇಳಿಸಿ ಹೆಣ್ಣುಮಕ್ಕಳ ಪಾರಾಯಣಕ್ಕೆ ಒದಗಿಸಿದ್ದು ಮಾನ್ವಿಯ ದಾಸರು. ಗಣಿತ ಶಿಕ್ಷಕರು ಇದನ್ನು ತರಗತಿಗೆ ಒಯ್ಯಬಾರದೇಕೆ?

ಅರಿಸ್ಟಾಟಲನ ಶಿಷ್ಯಪರಂಪರೆ ಕೆರೆ ಬಿಟ್ಟಿತೋ ಸೂರ್ಯ ಸೆಳೆದನೋ ಎಂದು ತೀರ್ಮಾನಿಸದೆ ಬಿಟ್ಟ ಪ್ರಶ್ನೆಗೆ ಶ್ವಾಸ ಸಂಧಿಯ ಉತ್ತರ ಖಚಿತ. ಉಸಿರು ನಿಮ್ಮದಲ್ಲ. ನೀವು ಮಲಗಿದ್ದಾಗಲೂ ಜಪ ನಡೆದಿರುತ್ತದೆ, ನಡೆಸುವವನು ಬೇರೆ. ಕೇಶಿರಾಜ ಬಿಡುವವನ ಇಚ್ಛೆ ಬೇಕೆಂದ; ದಾಸರು ಆ ಇಚ್ಛೆಯನ್ನು ಕಿತ್ತು ವಾಯುವಿನ ಕೈಗಿಟ್ಟರು. ದ್ವೈತ ಸಿದ್ಧಾಂತವನ್ನು ಒಪ್ಪದವರೂ ಅಷ್ಟರ ಮಟ್ಟಿಗೆ ಒಪ್ಪಲೇಬೇಕು: ನಿದ್ದೆಯಲ್ಲಿ ಯಾರೂ ತಾವಾಗಿ ಉಸಿರಾಡುವುದಿಲ್ಲ. ದೇಹಶಾಸ್ತ್ರ ಆ ಕೆಲಸವನ್ನು ಮಿದುಳಿನ ಬುಡಕ್ಕೆ ವಹಿಸುತ್ತದೆ, ಅಲ್ಲಿಯೂ ನಮ್ಮ ಅಪ್ಪಣೆ ಬೇಕಿಲ್ಲ.

ಆದರೆ ಇದೇ ಪರಂಪರೆ ಹೇಳುವ ಒಂದು ಕಥೆ ಈ ಸಿದ್ಧಾಂತವನ್ನು ಇಕ್ಕಟ್ಟಿಗೆ ತಳ್ಳುತ್ತದೆ. ಪಂಡಿತರಾಗಿದ್ದ ಶ್ರೀನಿವಾಸಾಚಾರ್ಯರು ವಿಜಯದಾಸರನ್ನು ಕಡೆಗಣಿಸಿದರು, ಹೊಟ್ಟೆಶೂಲೆಗೆ ತುತ್ತಾದರು, ಆಯುಸ್ಸು ಮುಗಿಯುತ್ತ ಬಂತು. ಆಗ ಗುರುವಿನ ಮಾತಿನಂತೆ ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ 40 ವರ್ಷ ತೆಗೆದು ಅವರಿಗೆ ಕೊಟ್ಟರು. ಕಥೆಯನ್ನು ಕಥೆಯೆಂದೇ ಇಟ್ಟುಕೊಳ್ಳೋಣ. ಗೋಪಾಲದಾಸರು 1762ರಲ್ಲಿ, ನಲವತ್ತರ ಆಸುಪಾಸಿನಲ್ಲಿ ತೀರಿಕೊಂಡರು. ಜಗನ್ನಾಥದಾಸರು ಎಂಬತ್ತು ದಾಟಿ 1809ರವರೆಗೆ ಬಾಳಿದರು. ವರ್ಷಕ್ಕೆ 360 ದಿನ ಹಿಡಿದರೆ, ಶ್ವಾಸ ಸಂಧಿಯ ದರದಲ್ಲೇ, ದೇವದುರ್ಗದ ಸೀಮೆಯಿಂದ ಮಾನ್ವಿಗೆ ಬಂದ ಉಸಿರು 31 ಕೋಟಿ 10 ಲಕ್ಷದ 40 ಸಾವಿರ. ಉಸಿರು ತಮ್ಮದಲ್ಲವಾದರೆ ಗೋಪಾಲದಾಸರು ಕೊಟ್ಟದ್ದು ಏನನ್ನು? ಭಕ್ತರಿಗೆ ಇದಕ್ಕೆ ಉತ್ತರವಿದೆ: ಕೊಡಿಸಿದವನೂ ಅವನೇ. ನನಗೆ ಆ ಉತ್ತರಕ್ಕಿಂತ, ಲೆಕ್ಕ ಗೊತ್ತಿದ್ದ ಶಿಷ್ಯನೊಬ್ಬ ಆಮೇಲೆ ಕೂತು ಘಳಿಗೆಗೆ ಇಷ್ಟು ಎಂದು ಬರೆದಿಟ್ಟದ್ದು ಹೆಚ್ಚು ಹಿಡಿಸುತ್ತದೆ. ಸಾಲ ತಂದವರಿಗೇ ಅಂಕಿ ಚೆನ್ನಾಗಿ ನೆನಪಿರುತ್ತದೆ.