ಏಡಿಯ ಉಡಿ



ಇವತ್ತು ಏಡಿಯ ಬಗ್ಗೆ ಮಾತಾಡೋಣ. ನಗಬ್ಯಾಡ್ರಿ. ಜಮಖಂಡಿ, ರಬಕವಿ-ಬನಹಟ್ಟಿ ಕಡೆ ಕೃಷ್ಣಾ ಹೊಳಿ ಐತಿ. ಮುಧೋಳಕ್ಕೆ ಘಟಪ್ರಭಾ ಐತಿ. ಬೀಳಗಿ ಕಡೆ ಆಲಮಟ್ಟಿ ಹಿನ್ನೀರು ಐತಿ. ಹೊಳಿ, ಹಳ್ಳ, ಕಾಲುವಿ ಇದ್ದಲ್ಲಿ ಏಡಿ ಇರ್ತಾವ. ಬ್ಯಾಸಗಿಯಲ್ಲಿ ಬಿಲದ ತಂಪಿನಲ್ಲಿ ಅಡಗತಾವ. ನಮ್ಮ ದಖ್ಖನ್ ಸೀಮೆಯ ಒಂದು ಏಡಿಗೆ ವಿಜ್ಞಾನಿಗಳು 1836ರಲ್ಲಿ ಲ್ಯಾಟಿನ್ ಹೆಸರು ಇಟ್ಟರು. ಆ ಹೆಸರಿನಲ್ಲೂ ‘ಬಿಲದ’ ಎಂಬ ಅರ್ಥ ಐತಿ.

ಏಡಿಯ ಮೈಮೇಲೆ ಗಟ್ಟಿ ಚಿಪ್ಪು. ಕಣ್ಣು ಕಡ್ಡಿಯ ತುದಿಗೆ. ಕಾಲು ಎಷ್ಟು? ಎಣಿಸಿ ನೋಡ್ರಿ. ನಡೆಯಲು ಎಂಟು. ಮುಂದೆ ಇಕ್ಕಳದಂಥವು ಎರಡು. ಒಟ್ಟು ಹತ್ತು. ಇರುವೆಗೆ ಆರೇ ಕಾಲು. ಜೇಡಕ್ಕೆ ಎಂಟು. ಮೀನಿಗೆ ಬೆನ್ನೆಲುಬು ಐತಿ, ಏಡಿಗೆ ಇಲ್ಲ. ಹಾಗಾದರೆ ಏಡಿ ಯಾರ ಬಳಗ? ಸೀಗಡಿಯ ಬಳಗ. ಇದಕ್ಕೆ ‘ದಶಪಾದಿ’ ಅಂತಾರೆ. ಅಂದರೆ ಹತ್ತು ಕಾಲಿನವು. ಕಾರವಾರದ ಸಮುದ್ರದಂಡೆಯ ಸನ್ಯಾಸಿ ಏಡಿಯೂ ಇದೇ ಬಳಗ. ಅದರ ಹೊಟ್ಟೆ ಮೆತ್ತಗೆ. ಅದಕ್ಕೇ ಖಾಲಿ ಶಂಖದೊಳಗೆ ಹೊಕ್ಕು ಬದುಕತೈತಿ.

ನಮ್ಮ ಏಡಿ ಏನು ತಿಂತೈತಿ? ಕೊಳೆತ ಎಲೆ, ಪಾಚಿ, ಹುಳ, ಸತ್ತ ಮೀನು. ನಾವು ಅಂಗಳ ಉಡುಗಿದಂಗ ಅದು ಹಳ್ಳ ಉಡುಗತೈತಿ.

ಈಗ ಮುಖ್ಯ ಮಾತು. ಏಡಿಯನ್ನು ತಿರುವಿ ಹೊಟ್ಟೆ ನೋಡ್ರಿ. ಅಲ್ಲಿ ಮಡಚಿದ ಪದರ ಇರತೈತಿ. ಅದು ಸಣ್ಣಗೆ ಚೂಪಾಗಿದ್ದರೆ ಗಂಡು. ಅಗಲವಾಗಿ ದುಂಡಗಿದ್ದರೆ ಹೆಣ್ಣು. ಹೆಣ್ಣು ಏಡಿ ಆ ಪದರದೊಳಗೆ ತತ್ತಿ ಇಟ್ಟುಕೊಳ್ಳತೈತಿ. ತತ್ತಿ ಒಡೆದು ಮರಿ ಬಂದರೂ ಕೆಲವು ದಿನ ಅಲ್ಲೇ ಕಾಯತೈತಿ. ನಾವು ಕೂಸನ್ನು ಉಡಿಯಲ್ಲಿ ಇಟ್ಟುಕೊಂಡಂಗ! ಆ ಒಂದು ಏಡಿ ಹಿಡಿದರೆ ನೂರಾರು ಜೀವ ಹೋಗತಾವ.

ಏಡಿ ಸಾರು ಮಾಡಬ್ಯಾಡ್ರಿ ಅಂತ ನಾನು ಹೇಳೋದಿಲ್ಲ. ಚೆನ್ನಾಗಿ ಬೇಯಿಸಿ ತಿನ್ರಿ. ಹಸಿಬಿಸಿ ತಿಂದರೆ ಪುಪ್ಪುಸಕ್ಕೆ ಹುಳ ಸೇರಬಹುದು. ಆದರೆ ಉಡಿ ತುಂಬಿದ ಏಡಿ ಸಿಕ್ಕರೆ ತಿರುಗಿ ನೀರಿಗೆ ಬಿಡ್ರಿ.

ಇನ್ನೊಂದು ಮಾತು. ಬೆಳೆಗೆ ಎಣ್ಣಿ ಹೊಡೆದ ಪಂಪು, ಡಬ್ಬಿ ಹಳ್ಳದಾಗ ತೊಳೆಯಬ್ಯಾಡ್ರಿ. ಆ ವಿಷಕ್ಕೆ ಏಡಿ, ಮೀನು ಸಾಯತಾವ. ಅದೇ ನೀರು ನಮ್ಮ ದನ ಕುಡಿತಾವ. ಅಲ್ಲೇ ನಾವು ಬಟ್ಟಿ ಒಗಿತೀವಿ. ನಮ್ಮ ಮಕ್ಕಳು ಈಜತಾವ.

ನಾಳೆ ಮಕ್ಕಳು ಏಡಿ ಹಿಡಿದು ತಂದರೆ ಹೊಟ್ಟೆ ತಿರುವಿ ತೋರಿಸ್ರಿ. ‘ಇದು ತಾಯಿ, ಬಿಟ್ಟು ಬಾ’ ಅಂತ ಹೇಳ್ರಿ.