ಕೆರೆ ಅಳೆದವರು, ವರದಿ ಬರೆದವರು, ಕೇಳಬೇಕಾದವರು

(ಸಾರಕ್ಕಿಯಲ್ಲಿ ಸೇರಿದ್ದ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹರೂಪ)



ನಾವು ಕೂತಿರುವ ಈ ಸಾರಕ್ಕಿ ಹಳ್ಳಿಯಾಗಿತ್ತು. ಜೆ.ಪಿ. ನಗರ ಅನ್ನೋ ಹೆಸರು ಹುಟ್ಟೋದಕ್ಕೆ ಮುಂಚೆಯೇ ಇಲ್ಲಿ ಕೆರೆ ಇತ್ತು. ಹಳೇ ಮೈಸೂರಿನ ಕಡೆ ಕೆರೆ ಅಂದರೆ ಏರಿ, ತೂಬು, ಕೋಡಿ, ಕಾಲುವೆ. ಇವುಗಳನ್ನು ಕಾಯೋನು ನೀರುಗಂಟಿ. ಬಹಳ ಊರುಗಳಲ್ಲಿ ಈ ನೀರುಗಂಟಿ ನಮ್ಮ ಕೇರಿಯವನೇ. ರಾತ್ರಿ ಮಳೇಲಿ ಏರಿ ಬಿರುಕು ಬಿಟ್ಟರೆ ಮೊದಲು ಓಡಬೇಕಾದವನು ಅವನು. ಯಾವ ಗದ್ದೆಗೆ ಎಷ್ಟು ನೀರು ಅಂತ ಲೆಕ್ಕ ಇಟ್ಟವನೂ ಅವನೇ. ತೂಬು ಎತ್ತೋ ಕೆಲಸ ಅವನದು, ಗದ್ದೆ ಮಾತ್ರ ಇನ್ನೊಬ್ಬರದು. ಇವತ್ತಿನ ಮಾತನ್ನ ಇಲ್ಲಿಂದ ಶುರು ಮಾಡ್ತೀವಿ.

ನೆಲ, ನೀರು, ಕರೆಂಟು ಇವೆಲ್ಲ ಯಾರ ಸುಪರ್ದಿನಲ್ಲಿವೆ? ಸರ್ಕಾರದ ಸುಪರ್ದಿನಲ್ಲಿ ಅಂತೀರಿ. ಸರಿ. ಆ ಸರ್ಕಾರವನ್ನ ಕೇಳೋರು ಯಾರು? ಶಾಸನಸಭೆ ಕೇಳಬೇಕು. ಆದರೆ 224 ಜನ ಶಾಸಕರು ವರ್ಷದಲ್ಲಿ ಕೆಲವೇ ವಾರ ಸೇರಿ, ಗದ್ದಲದ ಮಧ್ಯೆ ಒಂದೊಂದು ಕಡತ ಬಿಚ್ಚಿ ನೋಡೋಕಾಗುತ್ತಾ? ಆಗಲ್ಲ. ಅದಕ್ಕೇ ಸಮಿತಿಗಳು.

ಸಮಿತಿ ಅಂದರೆ ಗೋಡಂಬಿ ತಿಂದು ಎದ್ದು ಹೋಗೋ ಮೀಟಿಂಗು ಅಂತ ತಮಾಷೆ ಮಾಡ್ತೀವಿ. ಅದು ಏನು ಮಾಡಬಲ್ಲದು ಅಂತಾನೂ ತಿಳಿದಿರಬೇಕು. ದೆಹಲಿಯಲ್ಲಿ 1993ರಿಂದ ಇಲಾಖಾವಾರು ಸ್ಥಾಯಿ ಸಮಿತಿಗಳಿವೆ. ಅದರಲ್ಲಿ ಇಂಧನಕ್ಕೂ ಒಂದು. 31 ಜನ ಸದಸ್ಯರು, ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಮಂತ್ರಿಯಾದವರಿಗೆ ಅಲ್ಲಿ ಜಾಗ ಇಲ್ಲ. ಇಲಾಖೆ ಕೇಳೋ ದುಡ್ಡು, ತರೋ ಮಸೂದೆ, ಕೊಡೋ ವಾರ್ಷಿಕ ವರದಿ ಎಲ್ಲವನ್ನೂ ಅದು ಜಾಲಾಡಬಹುದು. ನಮ್ಮ ವಿಧಾನಸೌಧದಲ್ಲಿ ಕೆ.ಪಿ.ಸಿ., ಕೆ.ಪಿ.ಟಿ.ಸಿ.ಎಲ್., ಬೆಸ್ಕಾಂನಂಥ ಸರ್ಕಾರಿ ಕಂಪನಿಗಳ ಲೆಕ್ಕ ನೋಡೋಕೆ ಸಾರ್ವಜನಿಕ ಉದ್ದಿಮೆಗಳ ಸಮಿತಿ ಇದೆ. ಒಂದು ನಿರ್ದಿಷ್ಟ ವಿಷಯ ಬಂದಾಗ ಎರಡೂ ಸದನದವರು ಸೇರಿ ಜಂಟಿ ಸದನ ಸಮಿತಿ ಮಾಡ್ತಾರೆ.

ಇಂಥ ಸಮಿತಿ ಅಧಿಕಾರಿಯನ್ನ ಕರೆಸಬಹುದು. ಕಡತ ತರಿಸಬಹುದು. ಜಾಗಕ್ಕೆ ಹೋಗಿ ಕಣ್ಣಾರೆ ನೋಡಬಹುದು. ಕೊನೆಗೆ ವರದಿ ಬರೆದು ಸದನದ ಮುಂದೆ ಇಡಬಹುದು. ಇಷ್ಟೇ. ಒಂದು ಇಟ್ಟಿಗೆ ಕೀಳೋ ಅಧಿಕಾರ ಅದಕ್ಕಿಲ್ಲ. ಒಬ್ಬನನ್ನ ಜೈಲಿಗೆ ಕಳಿಸೋ ಅಧಿಕಾರ ಇಲ್ಲ. ಅದು ಹೇಳೋದು ಶಿಫಾರಸು. ಮಾಡೋದು, ಬಿಡೋದು ಸರ್ಕಾರದ ಕೈಲಿ.

ಈಗ ಬೆಂಗಳೂರಿಗೆ ಬನ್ನಿ. 2005ರಲ್ಲಿ ಶಾಸಕ ಎ.ಟಿ. ರಾಮಸ್ವಾಮಿ ಅವರ ಅಧ್ಯಕ್ಷತೆಯಲ್ಲಿ ಜಂಟಿ ಸದನ ಸಮಿತಿ ಆಯ್ತು. ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಜಮೀನು ಯಾರ್ಯಾರು ನುಂಗಿದ್ದಾರೆ ಅಂತ ನೋಡೋ ಕೆಲಸ. 27 ಸಾವಿರ ಎಕರೆಗೂ ಮೇಲೆ ಒತ್ತುವರಿ ಆಗಿದೆ ಅಂತ 2007ರಲ್ಲಿ ಅದು ಹೇಳಿತು. ಅದೇ ವರ್ಷದ ಕೊನೆಗೆ ವಿಧಾನಸಭೆಯೇ ವಿಸರ್ಜನೆ ಆಯ್ತು. 2011ರ ಭೂಕಬಳಿಕೆ ನಿಷೇಧ ಕಾಯ್ದೆ ಜಾರಿಗೆ ಬಂದದ್ದು 2014ರಲ್ಲಿ. ಅದರ ವಿಶೇಷ ನ್ಯಾಯಾಲಯ ಕೆಲಸ ಶುರು ಮಾಡಿದ್ದು 2016ರಲ್ಲಿ. ವರದಿ ಬಂದು ಅಷ್ಟೊತ್ತಿಗೆ ಒಂಬತ್ತು ವರ್ಷ!

ಎರಡನೇದು ಕೆರೆಗಳ ಸಮಿತಿ. 2014ರಲ್ಲಿ ಶಾಸಕ ಕೆ.ಬಿ. ಕೋಳಿವಾಡ ಅವರ ಅಧ್ಯಕ್ಷತೆಯಲ್ಲಿ ಆಯ್ತು. ಬೆಂಗಳೂರು ನಗರ, ಗ್ರಾಮಾಂತರ ಎರಡೂ ಜಿಲ್ಲೆ ಸೇರಿ 1,500ಕ್ಕೂ ಹೆಚ್ಚು ಕೆರೆ, 57 ಸಾವಿರಕ್ಕೂ ಮೇಲ್ಪಟ್ಟು ಎಕರೆ. ಅದರಲ್ಲಿ 10 ಸಾವಿರ ಎಕರೆಗೂ ಹೆಚ್ಚು ಒತ್ತುವರಿ. ನುಂಗಿದವರಲ್ಲಿ ಖಾಸಗಿ ಬಿಲ್ಡರುಗಳಷ್ಟೇ ಅಲ್ಲ, ಕೆರೆ ಕಾಯಬೇಕಾದ ಸರ್ಕಾರದ ಸಂಸ್ಥೆಗಳೂ ಇದ್ದವು. ವರದಿ ಬಂದದ್ದು 2017ರ ನವೆಂಬರಿನಲ್ಲಿ. ಆರು ತಿಂಗಳಲ್ಲಿ ಚುನಾವಣೆ.

ಗಮನಿಸಿದಿರಾ? ಎರಡು ವರದಿಯೂ ವಿಧಾನಸಭೆಯ ಕೊನೇ ತಿಂಗಳುಗಳಲ್ಲಿ ಬಂದವು. ಸದನ ಮುಗಿದರೆ ಸಮಿತಿಯೂ ಮುಗೀತು. ಬರೆದವರು ಮನೆಗೆ ಹೋಗ್ತಾರೆ. ವರದಿ ಕಪಾಟಿಗೆ ಹೋಗುತ್ತೆ. ಹೊಸದಾಗಿ ಬಂದವರು, ಅದು ಹಿಂದಿನವರ ಕಾಲದ್ದು ಅಂತಾರೆ. ನುಂಗಿದವನು ಮಾತ್ರ ಅಲ್ಲೇ ಇರ್ತಾನೆ.

ಈ ಎರಡು ವರದಿಗಳ ನಡುವೆ ಸಾರಕ್ಕಿಯಲ್ಲಿ ಏನಾಯ್ತು? ಇಲ್ಲಿನ ಕೆರೆ ದಾಖಲೆ ಪ್ರಕಾರ ಸುಮಾರು 82 ಎಕರೆ. ಅಳೆದಾಗ 30 ಎಕರೆಗೂ ಹೆಚ್ಚು ಒತ್ತುವರಿ ಅಂತ ಬಂತು. ಹೈಕೋರ್ಟ್ ಆದೇಶದ ಮೇಲೆ 2015ರ ಏಪ್ರಿಲ್‌ನಲ್ಲಿ ಜಿಲ್ಲಾಡಳಿತ ಜೆಸಿಬಿ ತಂದು ಕಟ್ಟಡ ಕೆಡವಿತು. ನಮ್ಮ ಹತ್ತಿರ ಕಾಗದ ಇದೆ, ಕಂದಾಯ ಕಟ್ಟಿದ್ದೀವಿ ಅಂತ ಅಲ್ಲಿದ್ದವರು ಅತ್ತರು, ಕೂಗಿದರು.

ಕೆರೆ ಉಳೀಬೇಕು. ಇದರಲ್ಲಿ ನಮಗೆ ಎರಡು ಮಾತಿಲ್ಲ. ಕೆರೆ, ರಾಜಕಾಲುವೆ ಮುಚ್ಚಿದರೆ ಮಳೆ ನೀರು ನುಗ್ಗೋದು ಮೊದಲು ತಗ್ಗಿನಲ್ಲಿರೋ ಗುಡಿಸಲಿಗೇ. ಆದರೆ ಕೆರೆ ಅಂಗಳವನ್ನ ಸೈಟು ಮಾಡಿ ಮಾರಿದವನು ಎಲ್ಲಿ? ರಿಜಿಸ್ಟರ್ ಮಾಡಿದ ಕೈ ಯಾರದು? ಜೆಸಿಬಿಗೆ ಕಾಣೋದು ಮನೆ ಮಾತ್ರ. ಈ ಕೈಗಳನ್ನ ಕಡತದಲ್ಲಿ ಹುಡುಕಿ ಹೆಸರು ಹಿಡಿದು ಕರೆಯಬಲ್ಲದ್ದು ಸದನ ಸಮಿತಿ. ಅದು ಮೆತ್ತಗಾದರೆ ಒತ್ತುವರಿ ಅನ್ನೋ ಒಂದೇ ಪದದೊಳಗೆ ನಾಲ್ಕು ತಗಡು ಹೊದಿಸಿಕೊಂಡ ಕೂಲಿಯವನೂ ನೂರು ಸೈಟು ಮಾರಿದವನೂ ಒಟ್ಟಿಗೆ ಬೀಳ್ತಾರೆ. ಆಮೇಲೆ ದೊಡ್ಡವನು ಎದ್ದು ಹೋಗ್ತಾನೆ.

ಹಾಗಾದರೆ ಈ ಸಮಿತಿಗಳೆಲ್ಲ ದಂಡವೇ? ಅಲ್ಲ. ಮಹಾಡ್ ನೆನೆಸಿಕೊಳ್ಳಿ. 1923ರ ಆಗಸ್ಟಿನಲ್ಲಿ ಎಸ್.ಕೆ. ಬೋಲೆ ತಂದ ಠರಾವನ್ನ ಬೊಂಬಾಯಿಯ ಶಾಸನಸಭೆ ಒಪ್ಪಿತು. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ಸೇರಿದ್ದು ಅಂತ. ಮರುವರ್ಷ ಮಹಾಡಿನ ಪುರಸಭೆಯೂ ಒಪ್ಪಿತು. ಆದರೂ ಚವದಾರ್ ಕೆರೆಯ ಒಂದು ಬೊಗಸೆ ನೀರು ನಮ್ಮವರಿಗೆ ಸಿಗಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಿ ಆ ನೀರು ಕುಡಿದರು. ಏಟು ತಿಂದರು. ಕೋರ್ಟಿನಲ್ಲಿ ಹತ್ತು ವರ್ಷ ಹೋರಾಡಿ 1937ರಲ್ಲಿ ಗೆದ್ದರು. ಆ ಠರಾವು ಇದ್ದದ್ದರಿಂದ ಕೇಳೋಕೆ ಒಂದು ಆಧಾರ ಸಿಕ್ಕಿತು. ಜನ ನಡೆದದ್ದರಿಂದ ಠರಾವಿಗೆ ಜೀವ ಬಂತು. ಸಮಿತಿಯ ವರದಿಯೂ ಅಂಥದೇ ಆಧಾರ. ಅದನ್ನ ಹಿಡಿದು ನಡೆಯೋ ಜನ ಬೇಕು.

ಅದಕ್ಕೆ ನಿಮ್ಮಿಂದ ಆಗೋ ಕೆಲಸ ಹೇಳ್ತೀವಿ.

ಒಂದು, ಓದಿ. ಸದನದ ಮುಂದೆ ಇಟ್ಟ ವರದಿ ಗುಟ್ಟಿನ ಕಾಗದ ಅಲ್ಲ. ನಿಮ್ಮ ತಾಲೂಕಿನ ಪುಟ ತೆಗೆದು ಹಾಸ್ಟೆಲಿನಲ್ಲಿ ಗಟ್ಟಿಯಾಗಿ ಓದಿ.

ಎರಡು, ಕೇಳಿ. ದೆಹಲಿಯ ಸ್ಥಾಯಿ ಸಮಿತಿಗಳ ಶಿಫಾರಸಿಗೆ ಸರ್ಕಾರ ಮೂರು ತಿಂಗಳಲ್ಲಿ ಏನು ಮಾಡಿದೆವು ಅಂತ ಹೇಳಬೇಕು. ಇಲ್ಲಿ ಏನು ಮಾಡಿದಿರಿ ಅಂತ ನಾವೇ ಕೇಳೋಣ. 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಅರ್ಜಿ, ಮೂವತ್ತು ದಿನದ ಗಡುವು.

ಮೂರು, ನಮ್ಮವರನ್ನೂ ಬಿಡಬೇಡಿ. ಈ ವಿಧಾನಸಭೆಯಲ್ಲಿ ಪರಿಶಿಷ್ಟ ಜಾತಿಗೆ 36, ಪರಿಶಿಷ್ಟ ವರ್ಗಕ್ಕೆ 15 ಮೀಸಲು ಸ್ಥಾನ. ಜಯಂತಿಗೆ ಹಾರ ಹಾಕೋಕೆ ಬಂದವರನ್ನ ಕೂರಿಸಿ ಕೇಳಿ: ಅಣ್ಣಾ, ನೀವು ಯಾವ ಸಮಿತೀಲಿ ಇದ್ದೀರಿ? ಎಷ್ಟು ಸಭೆಗೆ ಹೋದಿರಿ? ಯಾವ ಕಡತ ತರಿಸಿದಿರಿ?

ಕೊನೇ ಮಾತು. ನಾಳೆ ನಿಮ್ಮಲ್ಲೇ ಕೆಲವರು ಸರ್ವೇಯರು, ಕಂದಾಯ ನಿರೀಕ್ಷಕರು, ಇಂಜಿನಿಯರು ಆಗ್ತೀರಿ. ಕೆರೆಯ ನಕ್ಷೆ ನಿಮ್ಮ ಮೇಜಿಗೆ ಬರುತ್ತೆ. ಒಂದು ಗೆರೆ ಆ ಕಡೆ ಸರಿಸು ಅಂತ ಒಬ್ಬ ಕವರು ಹಿಡಿದು ಬರ್ತಾನೆ. ಇನ್ಯಾವತ್ತೋ ಒಂದು ಸಮಿತಿ ನಿಮ್ಮನ್ನ ಕರೆಸಿ, ಈ ಗೆರೆ ಸರಿಸಿದವರು ಯಾರು ಅಂತ ಕೇಳುತ್ತೆ. ಆವತ್ತು ತಲೆ ಎತ್ತಿ ಉತ್ತರ ಕೊಡೋ ಹಾಗೆ ಇರಿ. ಕತ್ತಲಲ್ಲಿ ಏರಿ ಕಾದ ನಮ್ಮ ಹಿರಿಯರು ಸಂಬಳಕ್ಕೆ ಮಾತ್ರ ಆ ಕೆಲಸ ಮಾಡಿದವರಲ್ಲ.

ಪ್ರಶ್ನೆಗಳಿದ್ದರೆ ಕೇಳಿ.