ಹಿತ್ತಿಲ ಹಸಿರುಮನೆ

ಆಷಾಢದ ಮಳೆ ಹಗಲಿರುಳೆನ್ನದೆ ಸುರಿಯುವ ಮಲೆನಾಡಿನಲ್ಲಿ, ಅಡಕೆ ದಬ್ಬೆಗಳ ಹಂದರದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ, ಗಾಳಿಯಾಡಲೆಂದು ಪಾರ್ಶ್ವಗಳನ್ನು ತೆರೆದಿರಿಸಿ, ಹಿತ್ತಿಲಲ್ಲೊಂದು ಹಸಿರುಮನೆಯನ್ನು ಕಟ್ಟಿಕೊಂಡ ಗೃಹಿಣಿಯ ಸಂಭ್ರಮವು, 1889ರಲ್ಲಿ ಶಂಕುಸ್ಥಾಪನೆಗೊಂಡ ಲಾಲ್‌ಬಾಗಿನ ಗಾಜಿನ ಮನೆಯನ್ನು ಕಂಡು ಬೆಂಗಳೂರಿಗರು ಪಟ್ಟಿರಬಹುದಾದ ಸಂಭ್ರಮಕ್ಕಿಂತ ಕಿರಿದೆಂದು ನನಗೆ ತೋರುವುದಿಲ್ಲ. ಶೀತದೇಶಗಳಲ್ಲಿ ಇಂಥ ಮನೆ ಬಿಸಿಲಿನ ಕಾವನ್ನು ಹಿಡಿದಿಡುವುದಕ್ಕೆ. ಇಲ್ಲಿಯಾದರೋ ಎಳೆಯ ಬೇರು ಕೊಳೆಯದಂತೆ ಕಾಯುವುದಕ್ಕೆ.

ಚಿತ್ರವರ್ಣದ ಬಿಗೋನಿಯಾದ ಎಲೆಯೊಂದರ ಅಡಿಯ ನರಗಳನ್ನು ಅಲ್ಲಲ್ಲಿ ಕೊಯ್ದು, ತೇವದ ಮರಳಿನ ಮೇಲೆ ಒತ್ತಿ ಮಲಗಿಸಿದರೆ, ಕೆಲವೇ ವಾರಗಳಲ್ಲಿ ಕೊಯ್ದೆಡೆಗಳಲ್ಲಿ ಮರಿಗಿಡಗಳು ತಲೆಯೆತ್ತುತ್ತವೆ. ಒಂದೆಲೆಯಿಂದ ಇಷ್ಟನ್ನು ಪಡೆದವರು ನೆರೆಮನೆಗೆ ಕೊಡದೆ ಇರುವುದೆಂತು? ಈ ಮಳೆಗಾಲದಲ್ಲಿ ನಿಮ್ಮ ಹಸಿರುಮನೆಯ ಒಂದು ಹಲಗೆಯನ್ನಾದರೂ ನೆರೆಯವರ ಕುಂಡಗಳಿಗೆ ಮೀಸಲಿಡಿರೆಂದು ನನ್ನ ಬಿನ್ನಹ.